ಅದು ಸೊನ್ನೆಯೋ, ಕಲ್ಲಿನ ಕುಳಿಯೋ? ಸವೆದ ಅಕ್ಷರಗಳ ಹತ್ತಿರದ ಫೋಟೋ ತೆಗೆಯುವ ಬಗೆ

ನ್ಯಾಮತಿ ತಾಲ್ಲೂಕಿನ ಒಂದು ಊರಿನ ದಾನಶಾಸನದ ಫೋಟೋ ನೋಡಿ, ‘ದೇವರಿಗೆ ಬಿಟ್ಟ ಭೂಮಿ ೨೦ ಮತ್ತರು’ ಅಂತ ಊರವರ ಮುಂದೆ ಹೇಳಿಬಿಟ್ಟಿದ್ದೆ. ‘ಅಷ್ಟೊಂದು ಇತ್ತಾ ಸಾರ್?’ ಅಂತ ಹಿರಿಯರೊಬ್ಬರು ಕೇಳಿದರು. ಅನುಮಾನ ಬಂದು ಸಂಜೆ ಟಾರ್ಚ್ ಹಿಡಿದು ಮತ್ತೆ ಹೋದೆ. ಎರಡರ ಪಕ್ಕದಲ್ಲಿ ಇದ್ದದ್ದು ಸೊನ್ನೆಯಲ್ಲ, ಕಲ್ಲು ಚಕ್ಕೆ ಎದ್ದ ಕುಳಿ. ದಾನ ಎರಡೇ ಮತ್ತರು! ನನ್ನ ಫೋಟೋ ಮಸುಕಾಗಿರಲಿಲ್ಲ, ಆದರೆ ಬೆಳಕು ಎದುರಿನಿಂದ ಬಿದ್ದಿತ್ತು. ತಪ್ಪು ಅಲ್ಲೇ ಆಗಿದ್ದು.

ಕ್ಷೇತ್ರಕಾರ್ಯದಲ್ಲಿ ನಾನು ಕಲಿತದ್ದು ಇಷ್ಟು: ಅಕ್ಷರ ಎದ್ದು ಕಾಣುವುದು ಬೆಳಕಿನ ದಿಕ್ಕಿನಿಂದ, ಅಂಚು ಚೂಪಾಗುವುದು ಕ್ಯಾಮೆರಾ ಅಲುಗದೆ ಇರುವುದರಿಂದ. ಸಾಫ್ಟ್‌ವೇರ್‌ನ ಕೆಲಸ ಕೊನೆಗೆ.

ಬೆಳಕು ಓರೆಯಾಗಿರಲಿ

ಸವೆದ ಅಕ್ಷರದ ಆಳ ಅರ್ಧ ಮಿಲಿಮೀಟರ್ ಅಂದುಕೊಳ್ಳಿ. ಕಲ್ಲಿನ ಮೈಗೆ 45 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟರೆ ನೆರಳಿನ ಉದ್ದವೂ ಅರ್ಧ ಮಿಲಿಮೀಟರ್. ಅದೇ 10 ಡಿಗ್ರಿಗೆ ಇಳಿಸಿದರೆ ಸುಮಾರು 2.8 ಮಿಲಿಮೀಟರ್. ಕಲ್ಲು ಅದೇ, ಅಕ್ಷರ ಅದೇ, ನೆರಳು ಮಾತ್ರ ಐದು ಪಟ್ಟಿಗಿಂತ ಹೆಚ್ಚು. ಕ್ಯಾಮೆರಾದ ಫ್ಲ್ಯಾಷ್ ಎದುರಿನಿಂದಲೇ ಬಡಿಯುವುದರಿಂದ ನೆರಳೇ ಉಳಿಯುವುದಿಲ್ಲ. ಅದನ್ನು ಆಫ್ ಮಾಡಿ.

ಟಾರ್ಚನ್ನು ತೀರಾ ಹತ್ತಿರ ಹಿಡಿಯಬೇಡಿ. 10 ಸೆಂಟಿಮೀಟರ್ ಅಗಲದ ಜಾಗಕ್ಕೆ 30 ಸೆಂಟಿಮೀಟರ್ ದೂರದಿಂದ ಬೆಳಕು ಬಿಟ್ಟರೆ ಒಂದು ಅಂಚು ಇನ್ನೊಂದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬೆಳಗುತ್ತದೆ. ಒಂದು ಮೀಟರ್ ದೂರ ಹೋದರೆ ವ್ಯತ್ಯಾಸ ಸುಮಾರು ಶೇ. 20ಕ್ಕೆ ಇಳಿಯುತ್ತದೆ.

ಹಗಲಿನಲ್ಲಿ ಒಬ್ಬರು ಕಂಬಳಿಯನ್ನೋ ಕಪ್ಪು ಕೊಡೆಯನ್ನೋ ಹಿಡಿದು ಕಲ್ಲಿಗೆ ನೆರಳು ಮಾಡಲಿ, ಇನ್ನೊಬ್ಬರು ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಹಾಯಿಸಲಿ. ಜಗಳೂರಿನ ಬಯಲಿನ ಬಿಸಿಲಿಗೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ. ಇನ್ನೊಂದು ವಿಷಯ: ಮಲಗಿರುವ ಕಲ್ಲಿಗೆ ಬೆಳಗ್ಗೆ, ಸಂಜೆ ಒಳ್ಳೆಯ ಹೊತ್ತು. ಆದರೆ ಪೂರ್ವಕ್ಕೆ ಮುಖ ಮಾಡಿ ನೆಟ್ಟಗೆ ನಿಂತ ಕಲ್ಲಿಗೆ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಬಿಸಿಲು ಮೈಗೆ ಸವರಿದ ಹಾಗೆ ಇಳಿಯುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ್ದರೆ ಮಧ್ಯಾಹ್ನದ ನಂತರ.

ಒಂದೇ ದಿಕ್ಕು ಸಾಲದು

ಬೆಳಕಿಗೆ ಸಮಾನಾಂತರವಾಗಿರುವ ಗೆರೆಗೆ ನೆರಳು ಬೀಳುವುದಿಲ್ಲ, ಅದು ಫೋಟೋದಿಂದ ಮಾಯವಾಗುತ್ತದೆ. ‘ಷ’ದ ಹೊಟ್ಟೆಯ ಗೆರೆ ಹೀಗೆ ಹೋದರೆ ಉಳಿಯುವುದು ‘ಪ’. ಹಾಗಾಗಿ ಕ್ಯಾಮೆರಾ ಕದಲಿಸದೆ ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ನಾಲ್ಕು ಫೋಟೋ ತೆಗೆಯಿರಿ. ಬೆತ್ತದಿಂದ ಕೊರೆದ ಸೊನ್ನೆಯಲ್ಲ, ಉಳಿಯಿಂದ ಕೊರೆದದ್ದು ಅನ್ನುವುದು ನೆನಪಿರಲಿ: ಅದು ಬಳೆಯ ಹಾಗೆ, ನಡುವೆ ಕಲ್ಲು ಉಳಿದಿರುತ್ತದೆ. ಓರೆ ಬೆಳಕಿನಲ್ಲಿ ಎರಡು ನೆರಳಿನ ಗೆರೆ ಕಾಣುತ್ತವೆ. ಕುಳಿಗೆ ಒಂದೇ ನೆರಳು. ನನ್ನ ಕಲ್ಲಿನಲ್ಲಿ ನಾಲ್ಕು ದಿಕ್ಕಿಗೂ ಒಂದೇ ಕಂಡಿತು.

ಬೆಳಕು ಕೆಳಗಿನಿಂದ ಬಂದರೆ ಕೊರೆದ ಅಕ್ಷರ ಉಬ್ಬಿದಂತೆ ಕಾಣುವುದುಂಟು. ಬೆಳಕು ಮೇಲಿಂದಲೇ ಬರುತ್ತದೆ ಅಂತ ನಮ್ಮ ಕಣ್ಣು ನಂಬಿರುವುದೇ ಕಾರಣ. ಪ್ರತಿ ಫೋಟೋಗೆ ಬೆಳಕಿನ ದಿಕ್ಕು ಬರೆದಿಡಿ. ಇದೇ ತತ್ವವನ್ನು ಬೆಳೆಸಿ, ಬೇಕಾದ ಕಡೆಯಿಂದ ಬೆಳಕು ಹಾಯಿಸಿ ನೋಡಬಹುದಾದ ಚಿತ್ರಗಳ ವಿಧಾನವನ್ನು ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು.

ಚೂಪು

ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್, ಕಡಿಮೆ ಐಎಸ್‌ಒ. ಕ್ಯಾಮೆರಾದ ಮುಖ ಕಲ್ಲಿನ ಮೈಗೆ ಸಮಾನಾಂತರವಾಗಿರಲಿ. ಎಪಿಎಸ್‌-ಸಿ ಸೆನ್ಸರ್‌ನಲ್ಲಿ 10 ಸೆಂಟಿಮೀಟರ್ ಅಗಲದ ಜಾಗಕ್ಕೆ ಎಫ್/8 ಇಟ್ಟರೆ ಸುಮಾರು 7 ಮಿಲಿಮೀಟರ್ ಆಳದವರೆಗೆ ಸ್ಪಷ್ಟವಾಗಿರುತ್ತದೆ, ಅಕ್ಷರಕ್ಕೆ ಧಾರಾಳ ಸಾಕು. ನಾಣ್ಯವನ್ನೋ ತಾಮ್ರಪಟದ ಮುದ್ರೆಯನ್ನೋ ಅದರ ನಿಜಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡಿಸಿದರೆ ಅದೇ ಎಫ್/8ಕ್ಕೆ ಸಿಗುವುದು 0.6 ಮಿಲಿಮೀಟರ್ ಮಾತ್ರ. ಹಾಗಂತ ಎಫ್/22ಕ್ಕೆ ಹೋಗಬೇಡಿ. ಅಷ್ಟು ಹತ್ತಿರದಲ್ಲಿ ಅದು ಎಫ್/44ರಂತೆ ವರ್ತಿಸಿ, ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರ ಮೆತ್ತಗಾಗುತ್ತದೆ. ಫೋಕಸ್ ಸ್ವಲ್ಪಸ್ವಲ್ಪ ಸರಿಸಿ ಹತ್ತಾರು ಫೋಟೋ ತೆಗೆದು ಜೋಡಿಸುವುದೇ ಸರಿ. ಮೊಬೈಲಾದರೆ ಲೆನ್ಸ್ ಒರೆಸಿ, ಸ್ವಲ್ಪ ಹಿಂದೆ ಸರಿದು ಎರಡು ಪಟ್ಟು ಜೂಮ್ ಬಳಸಿ. ಇಲ್ಲದಿದ್ದರೆ ಮೊಬೈಲಿನ ನೆರಳೇ ಕಲ್ಲಿನ ಮೇಲೆ ಬೀಳುತ್ತದೆ.

ಕಲ್ಲಿಗೆ ಏನೂ ಬಳಿಯಬೇಡಿ

ಸುಣ್ಣ, ಹಿಟ್ಟು, ಎಣ್ಣೆ, ಚಾಕ್ ಯಾವುದೂ ಬೇಡ. ಎಣ್ಣೆಗೆ ಧೂಳು ಅಂಟುತ್ತದೆ. ಚಾಕ್‌ನಲ್ಲಿ ತಿದ್ದಿದರೆ ಫೋಟೋದಲ್ಲಿ ಕಾಣುವುದು ನಮ್ಮ ಊಹೆ, ಕಲ್ಲಿನ ಅಕ್ಷರವಲ್ಲ. ನಾನು ಆ ಕುಳಿಗೆ ಚಾಕ್ ತುಂಬಿದ್ದರೆ ಅದು ಚಂದದ ಸೊನ್ನೆಯೇ ಆಗಿರುತ್ತಿತ್ತು. ಎಡಿಟಿಂಗ್‌ನಲ್ಲಿ ಶಾರ್ಪ್‌ನೆಸ್ ವಿಪರೀತ ಏರಿಸಿದರೂ ಇಲ್ಲದ ಅಂಚು ಹುಟ್ಟುತ್ತದೆ. ಮೂಲ ಫೈಲ್ ಹಾಗೇ ಉಳಿಸಿ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಚನ್ನಗಿರಿ, ಹೊನ್ನಾಳಿ ಶಾಸನಗಳು 7ನೇ ಸಂಪುಟದಲ್ಲಿವೆ (1902), ಜಗಳೂರಿನವು 11ರಲ್ಲಿ (1903). ನ್ಯಾಮತಿ ಆಗ ಬೇರೆ ತಾಲ್ಲೂಕಾಗಿರಲಿಲ್ಲ, ಅದರ ಊರುಗಳನ್ನು ಹೊನ್ನಾಳಿಯಲ್ಲಿ ಹುಡುಕಿ. ಆದರೆ ಅಚ್ಚಾದ ಪಾಠವನ್ನು ನಿಮ್ಮ ಓದು ಮುಗಿದ ಮೇಲೆ ತೆರೆಯಿರಿ. ಮೊದಲೇ ನೋಡಿದರೆ ಕಣ್ಣು ಅದನ್ನೇ ಕಾಣುತ್ತದೆ.

ಆ ಊರಿಗೆ ಮತ್ತೆ ಹೋಗಿ ‘ಇಪ್ಪತ್ತಲ್ಲ, ಎರಡು’ ಅಂತ ಹೇಳಿ ಬಂದೆ. ಹಿರಿಯರು ನಕ್ಕರು. ನಾಲ್ಕು ಫೋಟೋಗಳನ್ನೂ ಅವರ ಮೊಬೈಲಿಗೇ ಹಾಕಿಕೊಟ್ಟಿದ್ದೇನೆ.