ಮನೆಯಲ್ಲಿ ಎಲೆ ಹಾಕಲಿಲ್ಲ, ನಾಗಪುರದಲ್ಲಿ ಉಂಡರು

2025ರ ಅಕ್ಟೋಬರ್ ಕೊನೆಯಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ ಕರ್ನಾಟಕಕ್ಕೂ ಗೋವಾಕ್ಕೂ ರಣಜಿ ಪಂದ್ಯ ನಡೆಯಿತು. ಅಂಗಡಿ ಹುಡುಗನ ಕೈಗೆ ಕೊಟ್ಟು ಹೋಗಿ ನೋಡಿ ಬಂದವರಿಗೆ ಒಂದು ವಿಚಿತ್ರ ಕಂಡಿರಲಿಕ್ಕೂ ಸಾಕು. ಔಟಾಗದೆ 174 ಹೊಡೆದ ಕರುಣ್ ನಾಯರ್ ಎರಡು ಋತು ವಿದರ್ಭಕ್ಕೆ ಆಡಿ ಬಂದವರು. ಅವರಿಗೆ ಜೊತೆ ಕೊಟ್ಟ ಶ್ರೇಯಸ್ ಗೋಪಾಲ್ ಕೇರಳಕ್ಕೆ ಆಡಿ ಮರಳಿದವರು. ಎದುರಿಗೆ ಚೆಂಡು ಹಾಕಿದ ಅರ್ಜುನ್ ತೆಂಡೂಲ್ಕರ್ 2022ರಲ್ಲಿ ಮುಂಬಯಿ ಬಿಟ್ಟು ಗೋವಾ ಸೇರಿದವರು. ಒಂದೇ ಮೈದಾನ, ಊರು ಬಿಟ್ಟ ಮೂವರು!

ಅರ್ಜುನ್ ಕಥೆ ಚಿಕ್ಕದು. ಮುಂಬಯಿ ರಣಜಿ ತಂಡದ ಪಟ್ಟಿಯಲ್ಲಿ ಹೆಸರಿತ್ತು, ಆಡುವ ಹನ್ನೊಂದರಲ್ಲಿ ಇರಲಿಲ್ಲ. ಅಪ್ಪ ಸಚಿನ್ ಆದರೇನು, ಬೆಂಚು ಬೆಂಚೇ. ಗೋವಾಕ್ಕೆ ಹೋದ ಮೊದಲ ರಣಜಿ ಪಂದ್ಯದಲ್ಲೇ 120 ಹೊಡೆದರು.

ಕರುಣ್ ಕಥೆ ಹೊಟ್ಟೆ ಉರಿಸುವಂಥದು. 2015ರ ರಣಜಿ ಫೈನಲಿನಲ್ಲಿ ತಮಿಳುನಾಡಿನ ಮೇಲೆ 328 ಹೊಡೆದು ಕರ್ನಾಟಕಕ್ಕೆ ಕಪ್ಪು ತಂದವರು. 2016ರ ಡಿಸೆಂಬರಿನಲ್ಲಿ ಚೆನ್ನೈ ಟೆಸ್ಟಿನಲ್ಲಿ ಇಂಗ್ಲೆಂಡಿನ ಮೇಲೆ ಔಟಾಗದೆ 303. ಮುಂದಿನ ಟೆಸ್ಟಿಗೇ ಜಾಗ ಇಲ್ಲ! ಅದು ದಿಲ್ಲಿಯವರ ಲೆಕ್ಕ ಎನ್ನೋಣ. ಆದರೆ ತವರಿನ ಲೆಕ್ಕ? 2022ರ ಫೆಬ್ರವರಿಯಲ್ಲಿ ಜಮ್ಮು ಕಾಶ್ಮೀರದ ಮೇಲೆ 175 ಹೊಡೆದಿದ್ದರು. ಮುಂದಿನ ಋತುವಿಗೆ ಕರ್ನಾಟಕ ತಂಡದಲ್ಲೂ ಹೆಸರಿಲ್ಲ. ಆ ಡಿಸೆಂಬರಿನಲ್ಲಿ ಅವರು ಕ್ರಿಕೆಟ್ಟನ್ನೇ ಕೈಮುಗಿದು ಇನ್ನೊಂದು ಅವಕಾಶ ಕೇಳಿಕೊಂಡದ್ದು ದೇಶಕ್ಕೆಲ್ಲ ಗೊತ್ತು.

ಆಯ್ಕೆ ಮಾಡುವವರಿಗೂ ಕಷ್ಟ ಇದೆ, ಇಲ್ಲ ಅಂತಲ್ಲ. ಮಯಾಂಕ್, ಪಡಿಕ್ಕಲ್, ಮನೀಶ್ ಪಾಂಡೆ, ಸಮರ್ಥ್ ಎಲ್ಲರೂ ಒಂದೇ ಕಾಲದವರು. ಹನ್ನೊಂದು ಎಲೆಗೆ ಇಪ್ಪತ್ತು ಜನ ಕೂತರೆ ಯಾರೋ ಏಳಲೇಬೇಕು. ಎದ್ದವರು ಪಕ್ಕದ ಮನೆ ಪಂಕ್ತಿಗೆ ಹೋದರೆ ಮಾತ್ರ ಕೋಪ ಯಾಕೆ?

ಹೋಗುವುದೂ ಸುಲಭವಲ್ಲ. ಅಮೆರಿಕದ ಕಾಲೇಜು ಹುಡುಗರಿಗಾದರೆ 2018ರಿಂದ ಒಂದು ಪಟ್ಟಿ ಇದೆ. ಬೆಂಚು ಕಾದು ಸಾಕಾದವನು ಅದರಲ್ಲಿ ಹೆಸರು ಹಾಕಿಸಿದರೆ ಬೇರೆ ಕಾಲೇಜಿನವರು ಬಂದು ಮಾತಾಡಿಸಬಹುದು, ಇರುವ ಕೋಚಿನ ಅಪ್ಪಣೆ ಬೇಡ. ಮೊದಲೆಲ್ಲ ದೊಡ್ಡ ಆಟಗಳಲ್ಲಿ ಕಾಲೇಜು ಬದಲಿಸಿದವನು ಒಂದು ವರ್ಷ ಸುಮ್ಮನೆ ಕೂರಬೇಕಿತ್ತು. 2021ರಲ್ಲಿ ಮೊದಲ ಬದಲಾವಣೆಗೆ ಆ ಶಿಕ್ಷೆ ತಪ್ಪಿತು, 2024ರಲ್ಲಿ ಪೂರ್ತಿ ಹೋಯಿತು. ನಮ್ಮ ರಣಜಿ ಆಟಗಾರ ತನ್ನ ರಾಜ್ಯದ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಪತ್ರ ಬಂದರೂ ಕರೆಯುವವರು ಬೇಕಲ್ಲ! ಹೊರಗಿನವರಿಗೆ ಒಂದೊಂದು ತಂಡದಲ್ಲಿ ಇರುವುದು ಬೆರಳೆಣಿಕೆ ಜಾಗ.

ಕರುಣ್ 2023ರಲ್ಲಿ ಪತ್ರ ಹಿಡಿದು ವಿದರ್ಭಕ್ಕೆ ಹೋದರು. 2024ರ ಫೆಬ್ರವರಿಯಲ್ಲಿ ರಣಜಿ ಕ್ವಾರ್ಟರ್ ಫೈನಲ್, ಜಾಗ ನಾಗಪುರ, ಎದುರಾಳಿ ಕರ್ನಾಟಕ. ಕರುಣ್ 90 ಹೊಡೆದರು. ಕರ್ನಾಟಕ 127 ರನ್ನಿನಿಂದ ಸೋತು ಮನೆಗೆ ಬಂತು. ಇದು ಹೊಸ ಪಾಠವೂ ಅಲ್ಲ. 2017ರ ಸೆಮಿಫೈನಲಿನಲ್ಲಿ ಕರ್ನಾಟಕ ಬರೀ 5 ರನ್ನಿಗೆ ಸೋತದ್ದು ಇದೇ ವಿದರ್ಭಕ್ಕೆ. ಎರಡನೇ ಇನ್ನಿಂಗ್ಸಿನಲ್ಲಿ ಅವರಿಗೆ 81 ಹೊಡೆದುಕೊಟ್ಟದ್ದು ಯಾರು? ದಾವಣಗೆರೆಯಲ್ಲಿ ಹುಟ್ಟಿದ, ಕರ್ನಾಟಕಕ್ಕೆ ಆಡಿ ಹೋಗಿದ್ದ ಗಣೇಶ್ ಸತೀಶ್!

2024-25ರಲ್ಲಿ ಕರುಣ್ ಬ್ಯಾಟು ಕೇಳಬೇಡಿ. ವಿಜಯ್ ಹಜಾರೆಯಲ್ಲಿ ಐದು ಶತಕ, 779 ರನ್, ಔಟಾದದ್ದು ಎರಡೇ ಸಲ. ಫೈನಲಿನಲ್ಲಿ ಕರ್ನಾಟಕವೇ 36 ರನ್ನಿನಿಂದ ಗೆದ್ದಿತು, ಸೋತ ನಾಯಕ ಕರುಣ್. ಸಂತೋಷ ಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ಅಂತ ಇಲ್ಲಿನವರಿಗೇ ಗೊಂದಲ. ರಣಜಿ ಫೈನಲಿನಲ್ಲಿ ಕೇರಳದ ಮೇಲೆ 86 ಮತ್ತು 135. ಕಪ್ಪು ವಿದರ್ಭಕ್ಕೆ. 2025ರ ಬೇಸಿಗೆಯಲ್ಲಿ ಮತ್ತೆ ಭಾರತ ತಂಡ, ಇಂಗ್ಲೆಂಡ್ ಪ್ರವಾಸ. ಆಮೇಲೆ ಕರ್ನಾಟಕದ ಬಾಗಿಲೂ ತೆರೆಯಿತು.

ಇಷ್ಟೆಲ್ಲ ಆದದ್ದು 303ರ ಹೆಸರು ಬೆನ್ನಿಗಿದ್ದುದರಿಂದ. ಗಾಂಧಿ ಬಜಾರಿನ ಅಂಗಡಿಯವರ ಮಗನೊಬ್ಬ, ಮೊದಲ ಬಸ್ಸು ಹಿಡಿದು ಪ್ರಾಕ್ಟೀಸಿಗೆ ಹೋಗುವವನು, ಕಾಲೇಜು ತಂಡದಲ್ಲಿ ಎರಡು ವರ್ಷ ನೀರು ಹೊತ್ತಿದ್ದಾನೆ ಅನ್ನಿ. ಬೇರೆ ಕಡೆ ಹೋಗಿ ಕೇಳಿದರೆ ಅವರ ಮೊದಲ ಪ್ರಶ್ನೆ, "ಎಷ್ಟು ರನ್ ಹೊಡೆದಿದ್ದೀಯಪ್ಪಾ?" ಆಡಿಸಿದ್ದರೆ ತಾನೇ ಹೊಡೆಯುವುದು.