ಬಿಟ್‌ಕಾಯಿನ್ ಲೆಕ್ಕ ಗುಟ್ಟಾಗಿರುತ್ತದೆಯೇ?

ಪ್ರಶ್ನೆ: ಫೋನ್‌ಪೇಯಲ್ಲಿ ಹಣ ಪಡೆದರೆ ಎಲ್ಲವೂ ಸರ್ಕಾರಕ್ಕೆ ತಿಳಿಯುತ್ತದಂತೆ. ಬಿಟ್‌ಕಾಯಿನ್‌ನಲ್ಲಿ ವ್ಯವಹರಿಸಿದರೆ ಈ ಕಾಟ ತಪ್ಪುವುದೇ?
– ತರಕಾರಿ ವ್ಯಾಪಾರಿ, ತೆರಕಣಾಂಬಿ

ಉತ್ತರ: ನಿಮ್ಮ ಭಯ ಸುಳ್ಳಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದೇ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ಮಾರುವವರೊಬ್ಬರಿಗೆ ಬಂದದ್ದು ಸುಮಾರು 29 ಲಕ್ಷ ರೂಪಾಯಿಯದು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ನೇತಾಡಿದವು.

ಆದರೆ ಬಿಟ್‌ಕಾಯಿನ್ ಇದಕ್ಕೆ ಮದ್ದಲ್ಲ. ಅದು ಊರ ಅರಳಿಕಟ್ಟೆಯ ಮೇಲೆ ಬಿಚ್ಚಿಟ್ಟ ಖಾತೆ ಪುಸ್ತಕವಿದ್ದಂತೆ. 2009ರಿಂದ ಇಂದಿನವರೆಗಿನ ಪ್ರತಿ ವರ್ಗಾವಣೆಯನ್ನೂ ಯಾರು ಬೇಕಾದರೂ ನೋಡಬಹುದು, ಅಳಿಸಲು ಮಾತ್ರ ಯಾರಿಂದಲೂ ಆಗದು. ಅಲ್ಲಿ ಹೆಸರಿನ ಬದಲು ಅಕ್ಷರ, ಅಂಕಿಗಳ ಸಾಲು ಇರುತ್ತದೆ, ಅಷ್ಟೇ. ಬಿಟ್‌ಕಾಯಿನ್ ಕೊಳ್ಳುವ, ಮಾರುವ ವಿನಿಮಯ ಕೇಂದ್ರದಲ್ಲಿ ನೀವು ಪ್ಯಾನ್ ಕೊಟ್ಟು ಅದನ್ನು ಕೊಂಡ ಕ್ಷಣ ಆ ಸಾಲಿಗೆ ನಿಮ್ಮ ಹೆಸರು ಅಂಟಿಕೊಳ್ಳುತ್ತದೆ. 2023ರ ಮಾರ್ಚ್‌ನಿಂದ ಈ ಕೇಂದ್ರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬಂದಿವೆ. ಅನುಮಾನದ ವ್ಯವಹಾರವನ್ನು ವರದಿ ಮಾಡಲೇಬೇಕು. ಮೇಲಾಗಿ ಲಾಭಕ್ಕೆ ಶೇ 30 ತೆರಿಗೆ, ಮಾರಿದಾಗ ಸಾಮಾನ್ಯವಾಗಿ ಶೇ 1 ಮೂಲದಲ್ಲೇ ಕಡಿತ. ಗುರುತು ಮರೆಸುವ ಮೊನೆರೊದಂಥ ನಾಣ್ಯಗಳೂ ಇವೆ. ಟೊಮೆಟೊ ಕೊಳ್ಳಲು ಅವನ್ನು ಯಾರು ತರುತ್ತಾರೆ?

ಖಾಸಗಿತನ ಕೇಳುವುದು ಕಳ್ಳತನವಲ್ಲ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಅದನ್ನು ಮೂಲಭೂತ ಹಕ್ಕೆಂದು ಸಾರಿದ್ದಾರೆ. ಸದ್ಯಕ್ಕೆ ಖರೀದಿ, ಮಾರಾಟದ ಚೀಟಿಗಳನ್ನು ಜೋಪಾನವಾಗಿಡಿ. ನೋಟಿಸ್ ಬಂದರೆ ಉತ್ತರ ಕೊಡುವುದು ಅವೇ, ಬಿಟ್‌ಕಾಯಿನ್ ಅಲ್ಲ.