ನಾಣ್ಯದ ದೋಷ: ಟಂಕಸಾಲೆಯದೋ, ಜನರ ಕೈಯದೋ?

ಹಳೆಯ ನಾಣ್ಯದ ಮೇಲೆ ವಿಚಿತ್ರವಾದ ಗೆರೆಯಾಗಲಿ, ಕೊರೆದ ಅಂಚಾಗಲಿ ಕಂಡುಬಂದರೆ ಅದು ಟಂಕಸಾಲೆಯಲ್ಲಿಯೇ ಹುಟ್ಟಿದ ದೋಷವೆ, ಅಥವಾ ಜನರ ಕೈಸೇರಿದ ಮೇಲೆ ಆದ ಗಾಯವೆ ಎಂಬ ಪ್ರಶ್ನೆ ಏಳುತ್ತದೆ. ಟಂಕಸಾಲೆಯ ದೋಷವುಳ್ಳ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಹಣ ಕೊಡುವುದುಂಟು. ಆದುದರಿಂದ ಅಂತಹ ದೋಷವನ್ನು ಅರದಿಂದಲೂ ಸುತ್ತಿಗೆಯಿಂದಲೂ ಸೃಷ್ಟಿಸುವವರೂ ಇದ್ದಾರೆ. ಮೇಲಾಗಿ, ನಿಜವಾದ ದೋಷವು ನಾಣ್ಯ ತಯಾರಾದ ಬಗೆಯನ್ನು ತಿಳಿಸುವ ಸಾಕ್ಷ್ಯ. ಗಾಯವನ್ನು ದೋಷವೆಂದು ಎಣಿಸಿದರೆ ಇತಿಹಾಸವನ್ನೇ ತಪ್ಪಾಗಿ ಓದಿದಂತಾಗುವುದು.

೧೮೬೨ನೆಯ ಇಸವಿಯನ್ನು ಹೊತ್ತ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ತೂಕ ೧೮೦ ಗ್ರೇನ್, ಎಂದರೆ ಸುಮಾರು ೧೧.೬೬ ಗ್ರಾಂ. ಬೆಳ್ಳಿಯ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ, ಅವುಗಳ ಅಂಚನ್ನು ಒತ್ತಿ ಎಬ್ಬಿಸಿ, ಎರಡು ಉಕ್ಕಿನ ಅಚ್ಚುಗಳ ನಡುವೆ ಯಂತ್ರದಿಂದ ಒತ್ತುತ್ತಿದ್ದರು. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗುತ್ತದೆ. ನಮ್ಮ ಪರೀಕ್ಷೆಗೆಲ್ಲ ಈ ಸಂಗತಿಯೇ ಆಧಾರ.

ಮೊದಲು ಗೆರೆಯನ್ನು ನೋಡೋಣ. ಸವೆದ ಅಚ್ಚು ಬಿರುಕುಬಿಟ್ಟರೆ ಲೋಹವು ಆ ಬಿರುಕಿನೊಳಕ್ಕೆ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆಯಾಗುತ್ತದೆ. ಗೀರಾದರೋ ತಗ್ಗಾಗಿದ್ದು, ಒತ್ತರಿಸಲ್ಪಟ್ಟ ಲೋಹ ಅದರ ಎರಡು ಬದಿಗಳಲ್ಲಿಯೂ ಸಣ್ಣ ದಿಣ್ಣೆಯಂತೆ ನಿಂತಿರುತ್ತದೆ. ಅದೇ ಅಚ್ಚಿನ ಬೇರೆ ನಾಣ್ಯಗಳಲ್ಲಿ ಅದೇ ಸ್ಥಳದಲ್ಲಿ ಅದೇ ಉಬ್ಬುಗೆರೆ ಕಾಣಿಸಿದರೆ ಸಂಶಯವೇ ಉಳಿಯದು. ಬಿರುಕು ಕಾಲಕ್ರಮದಲ್ಲಿ ಬೆಳೆಯುವುದರಿಂದ, ಯಾವ ನಾಣ್ಯ ಮೊದಲು, ಯಾವುದು ಬಳಿಕ ಅಚ್ಚಾಯಿತೆಂಬುದನ್ನೂ ಅದು ಹೇಳಬಲ್ಲದು.

ಎರಡನೆಯದು ಅಂಚಿನ ಕೊರತೆ. ಪಟ್ಟಿಯಲ್ಲಿ ಮೊದಲೇ ಆಗಿದ್ದ ರಂಧ್ರದ ಮೇಲೆ ಬಿಲ್ಲೆ ಕತ್ತರಿಸಲ್ಪಟ್ಟರೆ ಚಂದ್ರಾಕಾರದ ಭಾಗವೊಂದು ಇಲ್ಲವಾಗುತ್ತದೆ. ಅಂಚನ್ನು ಎಬ್ಬಿಸುವಾಗ ಅಲ್ಲಿ ಒತ್ತಡ ಬೀಳದ ಕಾರಣ, ನೇರ ಎದುರು ಬದಿಯ ಅಂಚು ಸಾಮಾನ್ಯವಾಗಿ ದುರ್ಬಲವಾಗಿರುತ್ತದೆ. ಕೊರತೆಯ ಸಮೀಪದ ಅಕ್ಷರಗಳು ಅತ್ತ ಎಳೆದಂತೆ ಕಾಣುತ್ತವೆ. ಅರದಿಂದ ಉಜ್ಜಿದ ನಾಣ್ಯದಲ್ಲಿ ಅಕ್ಷರಗಳು ಥಟ್ಟನೆ ಕತ್ತರಿಸಿಹೋಗಿ, ಎದುರಿನ ಅಂಚು ಪೂರ್ಣವಾಗಿಯೇ ಇರುತ್ತದೆ. ಎರಡರಲ್ಲಿಯೂ ತೂಕ ಕಡಮೆಯೇ. ತೂಕವೊಂದರಿಂದಲೇ ನಿರ್ಣಯ ಸಾಧ್ಯವಿಲ್ಲ.

ಮೂರನೆಯದು ತಲೆಕೆಳಗಾದ ಮುದ್ರೆ. ಒತ್ತಿದ ನಾಣ್ಯ ಅಚ್ಚಿಗೆ ಅಂಟಿಕೊಂಡರೆ ಮುಂದಿನ ಬಿಲ್ಲೆಗೆ ಅದೇ ಅಚ್ಚಾಗುವುದು. ಆಗ ಒಂದು ಮುಖದಲ್ಲಿ ರಾಣಿಯ ಚಿತ್ರ ಉಬ್ಬಾಗಿಯೂ, ಇನ್ನೊಂದರಲ್ಲಿ ಅದೇ ಚಿತ್ರ ಕನ್ನಡಿಯ ಬಿಂಬದಂತೆ ತಗ್ಗಾಗಿಯೂ ಮೂಡುತ್ತದೆ. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಬಡಿದರೂ ಇಂತಹ ಗುರುತು ಬೀಳುವುದು. ಆದರೆ ಅದರ ಅಡಿಯಲ್ಲಿ ಚಪ್ಪಟೆಯಾದ ಹಳೆಯ ಮುದ್ರೆಯ ಅವಶೇಷ ಉಳಿದಿರುತ್ತದೆ.

ಕೈಯಿಂದ ಅಚ್ಚುಹಾಕಿದ ನಾಣ್ಯಗಳಿಗೆ ಈ ಅಳತೆಗೋಲು ಹಾಗೆಯೇ ಸಲ್ಲದು. ಮೊಗಲರ ರೂಪಾಯಿಗಳಲ್ಲಿ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದುದರಿಂದ ಬರಹ ಅರ್ಧ ತಪ್ಪಿಹೋಗಿರುವುದು ಸಹಜ, ಅದು ದೋಷವಲ್ಲ. ಅವುಗಳ ಮೇಲಿನ ಸಣ್ಣ ಒತ್ತುಗುರುತುಗಳಾದರೋ ಬೆಳ್ಳಿಯನ್ನು ಪರೀಕ್ಷಿಸಿದ ಸರಾಫರವು. ಸರಕ್ಕೆ ಪೋಣಿಸಲು ಬೆಸೆದ ಕೊಂಡಿಯ ಕಲೆಯೂ ಅನಂತರದ್ದೇ.

ಪರೀಕ್ಷೆಗೆ ಒಂದು ಭೂತಗನ್ನಡಿ, ಓರೆಯಾಗಿ ಬೀಳುವ ಬೆಳಕು, ಹೋಲಿಸಲು ಅದೇ ಬಗೆಯ ಇನ್ನೊಂದು ನಾಣ್ಯ ಇವಿಷ್ಟು ಸಾಕು. ನಾಣ್ಯವನ್ನು ಹುಣಿಸೆಹಣ್ಣಿನಿಂದಾಗಲಿ ಬೂದಿಯಿಂದಾಗಲಿ ತಿಕ್ಕಬಾರದು. ತಿಕ್ಕಿದರೆ ನಾವು ಓದಬೇಕಾದ ಸಾಕ್ಷ್ಯವನ್ನು ನಾವೇ ಅಳಿಸಿದಂತಾಗುತ್ತದೆ.